ಮೇಲಿನ ಸಾಲು ಮೇಲಿನ ಮೆಟ್ಟಿಲಿಗೆ

ನನ್ನ ಭಾವನಿಗೆ ಓದಲು ಬರುವುದಿಲ್ಲ ಎಂಬ ಸಂಗತಿ ಮೂರೇ ಜನಕ್ಕೆ ಗೊತ್ತಿತ್ತು. ಒಬ್ಬರು ಸ್ವತಃ ಭಾವ. ಇನ್ನೊಬ್ಬಳು ಅವರ ಹೆಂಡತಿ, ಅಂದರೆ ನನ್ನ ಅಕ್ಕ. ಮೂರನೆಯವನು ನಾನು, ಅದೂ ಅಕ್ಕನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲವಾದ್ದರಿಂದ. ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವಳು ನನ್ನಿಂದ ಆಣೆ ಹಾಕಿಸಿಕೊಂಡಳು. ನಾಲ್ಕನೆಯವರಿಗೆ ಗೊತ್ತಾಗಬಾರದು, ಅದರಲ್ಲೂ ಮಗಳಿಗೆ ಗೊತ್ತಾಗಲೇಬಾರದು.

ಓದಲು ಬಾರದವರು ಬೇಕಾದಷ್ಟು ಜನ ಇದ್ದಾರೆ, ಇದರಲ್ಲೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ಇದ್ದಾರೆ, ಆದರೆ ಅವರು ಯಾರೂ ಬೋರ್ಡು ಬರೆಯುವುದಿಲ್ಲ. ನನ್ನ ಭಾವನ ಕಸುಬೇ ಅದು. ಪೇಟೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಅಂಗಡಿಗಳ ಹಣೆಯ ಮೇಲಿರುವ ಅಕ್ಷರಗಳೆಲ್ಲ ಅವರ ಕೈಯವು. ಅವರ ಅಪ್ಪನೂ ಬೋರ್ಡು ಬರೆಯುತ್ತಿದ್ದವರೇ. ಮಗನನ್ನು ಒಂದನೇ ಕ್ಲಾಸಿನ ಎರಡನೇ ವಾರದಲ್ಲಿ ಬೆಂಚಿನಿಂದ ಎಬ್ಬಿಸಿ, ಏಣಿ ಹಿಡಿಯಲು ಕರೆದುಕೊಂಡು ಹೋದರು. ಹಾಗಾಗಿ ಭಾವ ಅಕ್ಷರಗಳನ್ನು ಕಲಿತದ್ದು ಆಕಾರವಾಗಿ. ತಲೆಕಟ್ಟು ಎಷ್ಟು ದಪ್ಪ, ಹೊಟ್ಟೆ ಎಷ್ಟು ಗುಂಡಗೆ, ಬಾಲ ಎಲ್ಲಿಗೆ ನಿಲ್ಲಬೇಕು, ಇಷ್ಟು ಗೊತ್ತು. ಆ ಅಕ್ಷರ ಬಾಯಿ ಬಿಟ್ಟರೆ ಏನನ್ನುತ್ತದೆ ಎಂಬುದು ಮಾತ್ರ ಗೊತ್ತಿಲ್ಲ.

"ಓದ್ತಾ ಬರೆದ್ರೆ ತಪ್ಪಾಗುತ್ತೆ ಕಣ್ರೀ. ನೋಡ್ತಾ ಬರೀಬೇಕು," ಎಂದು ಅವರು ಗಿರಾಕಿಗಳಿಗೆ ಹೇಳುತ್ತಿದ್ದರು. ಊರಿನವರು ಇದನ್ನು ಕಲಾವಿದನ ಸಿದ್ಧಾಂತವೆಂದು ತಲೆದೂಗುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದೇ ಒಂದು ತಪ್ಪಾಗಿಲ್ಲ. ಗಿರಾಕಿಯ ಚೀಟಿಯಲ್ಲೇ ತಪ್ಪಿದ್ದರೆ ಅದು ಕೂಡ ಒಂದು ಕೂದಲೆಳೆ ಕೊಂಕಿಲ್ಲದೆ ಬೋರ್ಡಿಗೆ ಬರುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಮನೆಯಲ್ಲಿ ಎಲ್ಲರೂ ಚೂಟಿ ಎಂದೇ ಕರೆಯುವುದು. ಐದನೇ ಕ್ಲಾಸು. ಹೋದ ವರ್ಷ ಅವಳು "ನನ್ನ ಅಪ್ಪ" ಎಂಬ ಪ್ರಬಂಧದಲ್ಲಿ "ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಅಕ್ಷರ ಗೊತ್ತಿರುವುದು ನನ್ನ ಅಪ್ಪನಿಗೆ" ಎಂದು ಬರೆದು ಬಹುಮಾನ ತಂದಿದ್ದಳು. ಭಾವ ಅದಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದರು. ರಾತ್ರಿ ಅಕ್ಕನಿಂದ ಗುಟ್ಟಾಗಿ ಓದಿಸಿ ಕೇಳಿದರು. ಕೇಳಿದ ಮೇಲೆ ಊಟ ಮಾಡಲಿಲ್ಲವಂತೆ.

ಇನ್ನು ನಾನು. ನಾನು ಅದೇ ಪ್ರಾಥಮಿಕ ಶಾಲೆಯ ಜವಾನ. ಮಕ್ಕಳಿಗೆ ಗಂಟೆ ಮಾಮ, ಮೇಷ್ಟ್ರುಗಳಿಗೆ ಬರೀ ಗಂಟೆ. ಶಾಲೆ ನಡೆಸುವವರು ಹೆಡ್‌ಮೇಡಂ ಎಂದು ಹೊರಗಿನವರ ನಂಬಿಕೆ. ನಾನು ಅದಕ್ಕೆ ಎದುರಾಡುವುದಿಲ್ಲ. ನಾನು ಗಂಟೆ ಹೊಡೆಯದಿದ್ದರೆ ಯಾರೂ ಒಳಗೆ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ನಮ್ಮ ಶಾಲೆಗೆ ಐದು ತರಗತಿ. ಅಂಗಳದಿಂದ ಜಗಲಿಗೆ ಹತ್ತಲು ಐದು ಮೆಟ್ಟಿಲು. ಜಗಲಿಗೆ ಸುತ್ತಲೂ ಕಬ್ಬಿಣದ ಗ್ರಿಲ್ಲು ಇರುವುದರಿಂದ ಹತ್ತಿದರೂ ಇಳಿದರೂ ಆ ಐದೇ ಮೆಟ್ಟಿಲು. ಮಕ್ಕಳು ಎಣಿಸುತ್ತಾ ಹತ್ತಲಿ ಎಂದು ಭಾವ ಎರಡು ವರ್ಷದ ಹಿಂದೆಯೇ ಒಂದೊಂದರ ಎಡತುದಿಯಲ್ಲೂ ದುಂಡಗೆ ಅಂಕಿ ಬರೆದಿದ್ದರು. ಕೆಳಗಿನದು ಒಂದು, ಮೇಲಿನದು ಐದು. ಅಂಕಿಗಳು ಮಾತ್ರ ಭಾವನಿಗೆ ಚೆನ್ನಾಗಿ ಬರುತ್ತವೆ.

ಹೆಡ್‌ಮೇಡಂ ಕೋಣೆಗೆ ದಿನಾ ಇಬ್ಬರಾದರೂ ತಾಯಿತಂದೆ ಬಂದು, "ಮೇಡಂ, ಎರಡನೇ ಕ್ಲಾಸಲ್ಲಿ ಏನು ಕಲಿಸ್ತೀರಿ? ನಾಲ್ಕನೇದ್ರಲ್ಲಿ ಏನು?" ಎಂದು ತಲೆ ತಿನ್ನುತ್ತಿದ್ದರು. ಹೇಳಿ ಹೇಳಿ ಸಾಕಾಗಿ ಅವರೊಂದು ಉಪಾಯ ಹೂಡಿದರು. ಹತ್ತು ದಿನದ ತರಬೇತಿಗೆ ಹೊರಡುವ ದಿನ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಲೇ ನನ್ನ ಕೈಗೊಂದು ಕಾಗದ ತುರುಕಿದರು.

"ಐದು ಸಾಲಿದೆ, ಐದು ಮೆಟ್ಟಿಲಿಗೆ ಬರೆಸು. ಓದ್ಕೊಂಡೇ ಒಳಗೆ ಬರ್ಲಿ ಎಲ್ಲರೂ. ಕ್ರಮ ತಪ್ಪಬಾರದು ಅಂತ ನಿಮ್ಮ ಭಾವನಿಗೆ ಹೇಳು."

"ಭಾವನ ಕೈಲಿ ತಪ್ಪೇ?" ಎಂದೆ ನಾನು.

ಕಾಗದದಲ್ಲಿ ಅಂಕಿ ಇರಲಿಲ್ಲ. ಮೇಲಿನ ಸಾಲಿನಲ್ಲಿ ಅಕ್ಷರಮಾಲೆ, ನೂರರವರೆಗೆ ಎಣಿಕೆ, ಸಾಲಾಗಿ ನಿಲ್ಲುವುದು. ಅದರ ಕೆಳಗೆ ಕಾಗುಣಿತ, ಕೂಡುವುದು, ಕಳೆಯುವುದು. ಮೂರನೆಯದು ಮಗ್ಗಿ, ಗಡಿಯಾರ ನೋಡುವುದು. ನಾಲ್ಕನೆಯದು ಭಾಗಾಕಾರ, ನಕ್ಷೆ, ಪತ್ರ ಬರೆಯುವುದು. ಕೊನೆಯ ಸಾಲು ಭಿನ್ನರಾಶಿ, ದಶಮಾಂಶ, ಪ್ರಬಂಧ. ಒಂದರಿಂದ ಐದರವರೆಗೆ ಎಂದು ಓದಿದ ಯಾರಿಗಾದರೂ ತಿಳಿಯುತ್ತದೆ.

ಭಾನುವಾರ ಭಾವ ಡಬ್ಬಿ, ಬ್ರಷ್ಷು ಹಿಡಿದು ಬಂದರು. ಮೊದಲು ಜಗಲಿಯ ತುದಿಯಲ್ಲಿರುವ ನಲ್ಲಿಯಲ್ಲಿ ಕೈಕಾಲು ತೊಳೆದು, ಬ್ರಷ್ಷನ್ನೂ ತೊಳೆದರು. ಅದು ಅವರ ಯಾವತ್ತಿನ ಅಭ್ಯಾಸ. ಅಲ್ಲಿ ತೊಳೆಯಬಾರದು ಎಂದು ಅವರೇ ಬರೆದ ಬೋರ್ಡು ನೆತ್ತಿಯ ಮೇಲೇ ಇದೆ. ಅಕ್ಕನ ಗಂಡ, ನಾನೇನು ಹೇಳಲಿ.

"ಕ್ರಮ ತಪ್ಪಬಾರದಂತೆ ಭಾವ."

"ಯಾವತ್ತು ತಪ್ಪಿದೆಯೋ?" ಎಂದು ಅವರು ಕಾಗದವನ್ನು ಎದುರಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಕಾಗದದಲ್ಲಿ ಐದು ಸಾಲು, ಕಣ್ಣೆದುರು ಐದು ಮೆಟ್ಟಿಲು. ಮೇಲಿನ ಸಾಲು ಮೇಲಿನ ಮೆಟ್ಟಿಲಿಗೆ, ಕೆಳಗಿನ ಸಾಲು ಕೆಳಗಿನ ಮೆಟ್ಟಿಲಿಗೆ. ಮೆಟ್ಟಿಲಿಗೆ ಬಣ್ಣ ಬಳಿಯುವವರು ಮೇಲಿನಿಂದ ಶುರುಮಾಡಿ ಹಿಂದೆ ಹಿಂದೆ ಇಳಿಯುವುದೇ ಪದ್ಧತಿ, ಇಲ್ಲದಿದ್ದರೆ ಹಸಿ ಬಣ್ಣ ತುಳಿಯಬೇಕಾಗುತ್ತದೆ. ಎಲ್ಲವೂ ಹೇಳಿ ಮಾಡಿಸಿದ ಹಾಗೆ ಕೂಡಿಬಂತು. ಸಂಜೆಗೆ ಐದು ಮೆಟ್ಟಿಲೂ ಕೆಂಪಗೆ ಹೊಳೆಯುತ್ತಿದ್ದವು, ಮುಂಭಾಗದಲ್ಲಿ ಮಲ್ಲಿಗೆ ಬಿಳುಪಿನ ಅಕ್ಷರಗಳು. ನಾನು ಅಂಗಳದಲ್ಲಿ ನಿಂತು ಎರಡೂ ಕಣ್ಣು ತುಂಬ ನೋಡಿದೆ. ಓದಿದೆಯಾ ಎಂದು ಕೇಳಬೇಡಿ. ಅಷ್ಟು ಚೆಂದ ಬರೆದದ್ದನ್ನು ಯಾರೂ ಓದುವುದಿಲ್ಲ, ನೋಡುತ್ತಾರೆ.

ಓದಿದವರು ಸೋಮವಾರ ಬೆಳಗ್ಗೆ ಬಂದ ಇನ್‌ಚಾರ್ಜ್ ಮೇಷ್ಟ್ರು. ಇವರು ನಾಲ್ಕನೇ ಕ್ಲಾಸಿಗೆ ಪಾಠ ಹೇಳುವವರು. ಮೇಡಂ ಇಲ್ಲದ ಹತ್ತು ದಿನದ ಜವಾಬ್ದಾರಿ ಹೆಗಲಿಗೆ ಬಿದ್ದಾಗಿನಿಂದ ನಿದ್ದೆ ಬಿಟ್ಟಿದ್ದರು. ಮೆಟ್ಟಿಲ ಮುಂದೆ ಕೊಡೆ ಊರಿ ನಿಂತು, "ಗಂಟೆ, ಇಲ್ಲಿ ಬಾ. ಇದೇನಿದು? ಒಂದು ಅಂತ ಇರೋ ಕಡೆ ಭಿನ್ನರಾಶಿ ಇದೆ. ಐದು ಅಂತ ಇರೋ ಕಡೆ ಅಕ್ಷರಮಾಲೆ ಇದೆ!" ಎಂದರು.

ನಾನು ಓದಿದೆ. ನಿಜ ಹೇಳಿದರೆ, ಬರೆದವರು ಓದದೆ ಬರೆದಿದ್ದಾರೆ ಎನ್ನಬೇಕು. ಓದದೆ ಯಾಕೆ ಬರೆದರು ಎಂದು ಕೇಳುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ನೋಡಿದರೆ ಚೂಟಿ, ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲನ್ನು ಒಂದೊಂದಾಗಿ ಓದುತ್ತಿದ್ದಾಳೆ.

"ಹೊಸ ಪದ್ಧತಿ ಸಾರ್," ಎಂದುಬಿಟ್ಟೆ.

"ಏನು?"

"ಹೊಸ ಪದ್ಧತಿ. ಈ ವರ್ಷದಿಂದ ಹೀಗೇ ಅಂತೆ. ಮೇಡಂ ಕೈಯಾರೆ ಬರೆದುಕೊಟ್ಟು ಹೋಗಿದ್ದಾರೆ."

ಮೇಷ್ಟ್ರು ಸ್ವಲ್ಪ ಹೊತ್ತು ಕೊಡೆಯ ಹಿಡಿಯನ್ನು ತಿರುವಿದರು. "ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಿನಗೆ ಗೊತ್ತಿದೆಯಾ ಅಂತ ಪರೀಕ್ಷೆ ಮಾಡ್ದೆ ಅಷ್ಟೇ," ಎಂದು ಹೇಳಿ, ಭಿನ್ನರಾಶಿಯನ್ನು ತುಳಿಯದ ಹಾಗೆ ಜೋಪಾನವಾಗಿ ಹತ್ತಿಹೋದರು.

ಮೇಡಂಗೆ ಒಂದು ಫೋನು ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಫೋನು ಮಾಡಿದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ. ಮೇಷ್ಟ್ರು ಮಾಡಲಿಲ್ಲ. ಅವರು ಹೇಳಿದ ಮೇಲೆ ಉಳಿದ ಟೀಚರುಗಳೂ, "ಹೌದೌದು, ಎಲ್ಲೋ ಕೇಳಿದ್ದೆ," ಎಂದರು. ಎರಡನೇ ಗಂಟೆ ಹೊಡೆಯುವಷ್ಟರಲ್ಲಿ ಪುಸ್ತಕಗಳು ಕೋಣೆಯಿಂದ ಕೋಣೆಗೆ ಓಡಾಡಿದವು. ಮೂರನೇ ಕ್ಲಾಸು ನಡುವಿನ ಮೆಟ್ಟಿಲು. ಮೇಲಿನಿಂದ ಎಣಿಸಿದರೂ ಅದೇ, ಕೆಳಗಿನಿಂದ ಎಣಿಸಿದರೂ ಅದೇ. ಆ ಕ್ಲಾಸಿನ ಟೀಚರು ಮಾತ್ರ, "ಇವರಿಗೆಲ್ಲ ಏನಾಗಿದೆ?" ಎನ್ನುತ್ತಾ ಏಳರ ಮಗ್ಗಿ ಹೇಳಿಸುತ್ತಿದ್ದರು.

ಒಂದನೇ ಕ್ಲಾಸಿನಲ್ಲಿ ಟೀಚರು ಚಾಕ್‌ಪೀಸು ಮುರಿದು ತೋರಿಸಿ ಕೇಳಿದರು. "ಅರ್ಧ ಅಂದ್ರೆ ಏನು, ಯಾರು ಹೇಳ್ತೀರಿ?"

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ನಮ್ಮಣ್ಣ ಎಲ್ಲಾ ತಿಂದು ನಂಗೆ ಕೊಡೋದು."

ಐದನೇ ಕ್ಲಾಸಿನಲ್ಲಿ ಅ ಆ ಎಂದು ರಾಗ ಎಳೆಯುತ್ತಿದ್ದ ಒಬ್ಬ ನಡುವೆ ನಿಲ್ಲಿಸಿ, "ಟೀಚರ್, ನಾವೆಲ್ಲ ಫೇಲಾಗಿಬಿಟ್ವಾ?" ಎಂದು ಅತ್ತುಬಿಟ್ಟ.

ಸಂಜೆ ನಾನು ಅಕ್ಕನ ಮನೆಯಲ್ಲಿದ್ದೆ. ಪಕ್ಕದ ಮನೆಯ ಹೊಲಿಗೆ ಅಜ್ಜಿ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಪುಸ್ತಕ ಹಿಡಿದು ಒಳಗೆ ನುಗ್ಗಿದರು. ಅವರ ಮೊಮ್ಮಗ ಒಂದನೇ ಕ್ಲಾಸು.

"ಏನಪ್ಪಾ ಬೋರ್ಡಿನೋನೇ, ಏನಿದು ನಿಮ್ಮ ಸ್ಕೂಲಿನ ಅನ್ಯಾಯ? ಹಾಲು ಹಲ್ಲು ಬಿದ್ದಿಲ್ಲ, ಮುಕ್ಕಾಲಲ್ಲಿ ಕಾಲು ಕಳೆದ್ರೆ ಎಷ್ಟು ಅಂತ ಕೇಳಿದಾರೆ. ಕತ್ತರಿಸಿ ತೋರಿಸೋಣ ಅಂತ ಹೋದೆ. ಗಿರಾಕಿ ಲಂಗ ಹಾಳಾಯ್ತು, ಲೆಕ್ಕ ಮಾತ್ರ ಬರ್ಲಿಲ್ಲ. ನೀನು ಅಕ್ಷರದ ಮನುಷ್ಯ, ಇದೇನು ಬರೆದಿದೆ ಓದಿ ಹೇಳಪ್ಪ."

ಪುಸ್ತಕ ಭಾವನ ಮಡಿಲಿಗೆ ಬಿತ್ತು. ಭಾವ ಅದನ್ನು ತೆರೆದು ನೋಡಿದರು. ಮೇಲೊಮ್ಮೆ ಕೆಳಗೊಮ್ಮೆ ನೋಡಿದರು. ಆಮೇಲೆ ಜೇಬು ತಡವಿದರು. "ಕನ್ನಡಕ ಎಲ್ಲಿ ಇಟ್ಟೆ ನಾನು?"

"ರಿಪೇರಿಗೆ ಕೊಟ್ಟಿದೀವಲ್ಲ," ಎಂದಳು ಅಕ್ಕ, ಒಲೆಯ ಕಡೆಯಿಂದಲೇ.

"ನಾನೇ ಕೊಟ್ಟು ಬಂದೆ," ಎಂದೆ ನಾನು. "ಕಾಲು ಮುರಿದಿತ್ತು."

"ಗಾಜೂ ಒಡೆದಿತ್ತು," ಎಂದರು ಭಾವ, ಇರಲಿ ಎಂದು.

ಚೂಟಿ ಮೂಲೆಯಲ್ಲಿ ಕೂತು ಹೋಂವರ್ಕಿಗೆ ಹತ್ತು ಸಲ ಅ ಬರೆಯುತ್ತಿದ್ದವಳು ತಲೆ ಎತ್ತಿದಳು. ನಮ್ಮ ಮೂವರ ಮುಖವನ್ನು ಒಂದಾದ ಮೇಲೊಂದರಂತೆ ನೋಡಿದಳು. "ಕೊಡಿ ಅಜ್ಜಿ, ನಾನು ಓದ್ತೀನಿ," ಎಂದು ಪುಸ್ತಕ ತೆಗೆದುಕೊಂಡು, ಮುಕ್ಕಾಲು ಅಂದರೆ ಮೂರು ಕಾಲು, ಒಂದು ಹೋದರೆ ಉಳಿಯುವ ಎರಡು ಕಾಲೇ ಅರ್ಧ ಎಂದು ಅಜ್ಜಿಗೆ ಬಿಡಿಸಿ ಹೇಳಿ ಕಳಿಸಿದಳು. ಬಾಗಿಲು ಹಾಕಿ ಬಂದು ಅಪ್ಪನ ಎದುರು ನಿಂತಳು.

"ಅಪ್ಪ, ಮೆಟ್ಟಿಲಿಗೆ ಬರೆಯುವಾಗ ನಿಂಗೆ ಏನೂ ಅನ್ನಿಸ್ಲೇ ಇಲ್ವಾ?"

"ಏನು ಅನ್ನಿಸ್ಬೇಕು?"

"ಏನಿಲ್ಲ ಬಿಡು."

ನಾನು ಹೊರಟಾಗ ಭಾವ ಬಾಗಿಲವರೆಗೆ ಬಂದರು. ಮೇಡಂ ಕಾಗದದ ಕ್ರಮವನ್ನು ಆಗ ನಾನು ಅವರಿಗೆ ಬಿಡಿಸಿ ಹೇಳಿದೆ. ಮನುಷ್ಯ ಕುಸಿದು ಹೊಸ್ತಿಲ ಮೇಲೇ ಕೂತುಬಿಟ್ಟರು.

"ನಾಳೆ ಹೋಗಿ ಅಳಿಸಿ ಬರೀತೀನಿ."

"ಹೊಸ ಪದ್ಧತಿ ಅಂತ ನಾನು ಹೇಳಿಯಾಗಿದೆ ಭಾವ. ಈಗ ಅಳಿಸಿದ್ರೆ ಯಾಕೆ ಅಂತ ಕೇಳ್ತಾರೆ. ಮೇಡಂ ಬರೋವರೆಗೆ ಬಾಯಿ ಮುಚ್ಕೊಂಡಿರೋಣ."

"ಯಾರು ಏನಂದ್ರೂ ಪರವಾಗಿಲ್ಲ ಕಣೋ. ಅವಳಿಗೆ ಗೊತ್ತಾಗಬಾರದು. ಅವಳ ಕಣ್ಣಲ್ಲಿ ಒಂದ್ಸಲ ಕೆಳಗೆ ಬಿದ್ರೆ ನಂಗೆ ಮತ್ತೆ ಏಳೋಕಾಗಲ್ಲ," ಎಂದರು. ಹಾಳಾದ್ದು, ಯಾಕಾದರೂ ಸುಳ್ಳು ಹೇಳಿದೆನೋ ಎನ್ನಿಸಿತು. ಆದರೆ ಹೇಳಿದ ಸುಳ್ಳು ಅಷ್ಟರಲ್ಲಿ ನನ್ನ ಕೈಮೀರಿ ಊರೆಲ್ಲ ಸುತ್ತುತ್ತಿತ್ತು.

ಬುಧವಾರದ ಹೊತ್ತಿಗೆ ತಾಯಂದಿರು ಗೇಟಿನ ಬಳಿ ಎರಡು ಪಕ್ಷವಾಗಿ ನಿಂತಿದ್ದರು. ಸಣ್ಣವರ ತಾಯಂದಿರು ಅನ್ಯಾಯ ಎನ್ನುತ್ತಿದ್ದರು, ದೊಡ್ಡವರ ತಾಯಂದಿರು ಅವಮಾನ ಎನ್ನುತ್ತಿದ್ದರು. ಹೊಸ ಪದ್ಧತಿ ಬಹಳ ಒಳ್ಳೆಯದು, ತಮ್ಮ ನೆಂಟರ ಊರಿನಲ್ಲಿ ಆಗಲೇ ಬಂದಿದೆ ಎಂದು ಒಬ್ಬಾಕೆ ಆಣೆ ಮಾಡಿ ಹೇಳಿದರು. ಅದನ್ನು ಕೇಳಿ, ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನೇ ಬೇರೆಯವರದು ಎಂದರೆ ಹೇಗಿರುತ್ತದೋ ಹಾಗಾಯಿತು ನನಗೆ.

ಗುರುವಾರ ಹನ್ನೊಂದು ಗಂಟೆಗೆ, ಹೇಳದೆ ಕೇಳದೆ, ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಶಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿ. ಅಂಗಳ ದಾಟಿ ಮೆಟ್ಟಿಲ ಬುಡಕ್ಕೆ ಬಂದು ನಿಂತರು. ಓದಿದರು. ಮತ್ತೊಮ್ಮೆ ಓದಿದರು. ಇನ್‌ಚಾರ್ಜ್ ಮೇಷ್ಟ್ರ ಮುಖ ನೋಡಿದರು.

"ಹೊಸ ಪದ್ಧತಿ ಸಾರ್," ಎಂದರು ಮೇಷ್ಟ್ರು. ಮೂರು ದಿನದಲ್ಲಿ ಅವರಿಗೆ ಒಳ್ಳೆ ಧೈರ್ಯ ಬಂದಿತ್ತು.

ಸಾಹೇಬರ ಹುಬ್ಬು ಮೇಲಕ್ಕೆ ಹೋಯಿತು. ಅಲ್ಲೇ ಒಂದು ಕ್ಷಣ ಯೋಚನೆ ಮಾಡಿ ಕೆಳಗಿಳಿಯಿತು. "ಗೊತ್ತು, ಗೊತ್ತು. ನಮ್ಮ ಮೀಟಿಂಗಲ್ಲಿ ಇದರ ಚರ್ಚೆ ಆಗಿತ್ತು. ಎಲ್ಲರೂ ಮಾತಾಡೋರೇ. ಜಾರಿಗೆ ತಂದೋರು ನೀವೇ ಮೊದಲು ನೋಡಿ!"

ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ಮೇಡಂ ಪಟ್ಟಿಯಲ್ಲಂತೂ ಅದು ಇರಲಿಲ್ಲ. ಆದರೆ ಒಂದನೇ ಕ್ಲಾಸಿಗೆ ಬರುವಾಗ ಯಾವ ಮಗುವಿಗೂ ಅದು ಬರುವುದಿಲ್ಲ, ಐದು ಮುಗಿಸಿ ಹೋಗುವಾಗ ಎಲ್ಲರಿಗೂ ಬಂದಿರುತ್ತದೆ. ನಾನು ಈ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗಂಟೆ ಹೊಡೆದು ನೋಡಿದ್ದೇನೆ. ಆವತ್ತು ಆ ಮೆಟ್ಟಿಲ ಬುಡದಲ್ಲಿ ನಿಂತಿದ್ದ ನಾವು ಮೂವರೂ ಆ ವಿಷಯದಲ್ಲಿ ನೂರಕ್ಕೆ ನೂರು ತೆಗೆದವರು.

ಸಾಹೇಬರು ಒಂದನೇ ಕ್ಲಾಸಿಗೆ ಹೋಗಿ, "ದಶಮಾಂಶ ಅಂದ್ರೇನು ಮಕ್ಕಳೇ?" ಎಂದು ಕೇಳಿದರು. ಮೂವತ್ತು ಮಕ್ಕಳೂ ಒಂದೇ ದನಿಯಲ್ಲಿ, ಬಹಳ ಉತ್ಸಾಹದಿಂದ, "ಗೊತ್ತಿಲ್ಲ ಸಾರ್!" ಎಂದು ಕೂಗಿದವು.

"ಶಿಸ್ತು ಚೆನ್ನಾಗಿದೆ," ಎಂದು ಸಾಹೇಬರು ಬರೆದುಕೊಂಡರು. ಹೊರಗೆ ಬಂದು ಮೆಟ್ಟಿಲ ಕಡೆ ಮತ್ತೆ ನೋಡಿ, "ಎಂಥಾ ಅಕ್ಷರ! ಬರೆದೋರು ಯಾರು? ಕರೆಸಿ. ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆಸಿ. ಬರೆದೋರ ಬಾಯಲ್ಲೇ ಒಂದ್ಸಲ ಓದಿಸೋಣ, ಮಕ್ಕಳ ಮನಸ್ಸಲ್ಲಿ ಉಳಿಯುತ್ತೆ," ಎಂದರು.

"ಅವರು ಊರಲ್ಲಿಲ್ಲ ಸಾರ್," ಎಂದೆ ತಟ್ಟನೆ. "ಬಹಳ ದೂರ ಹೋಗಿದ್ದಾರೆ. ಬರೋದು ತಿಂಗಳಾಗುತ್ತೆ."

ಗೇಟು ಕಿರ್ರೆಂದಿತು. ಮಗಳು ಮರೆತುಬಂದಿದ್ದ ಊಟದ ಡಬ್ಬಿ ಹಿಡಿದು ಭಾವ ಒಳಗೆ ಬಂದರು.

"ಚೂಟಿ ಅಪ್ಪ ಬಂದ್ರು! ಬೋರ್ಡ್ ಮಾಮ ಬಂದ್ರು!" ಎಂದು ಜಗಲಿಯ ಗ್ರಿಲ್ಲಿಗೆ ಅಂಟಿದ್ದ ಮಕ್ಕಳು ಕಿರುಚಿದವು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ.

ಐದು ನಿಮಿಷದಲ್ಲಿ ಇಡೀ ಶಾಲೆ ಅಂಗಳದಲ್ಲಿ ಸಾಲಾಗಿ ನಿಂತಿತು. ಗಲಾಟೆ ಕೇಳಿ ಹೊಲಿಗೆ ಅಜ್ಜಿ ಮತ್ತು ಗೇಟಿನ ತಾಯಂದಿರೂ ಒಳಗೆ ಬಂದರು. ಭಾವನನ್ನು ಮೆಟ್ಟಿಲ ಎದುರು ನಿಲ್ಲಿಸಿದರು. ಕೈಯಲ್ಲಿ ಇನ್ನೂ ಊಟದ ಡಬ್ಬಿ. ತಾವೇ ಬರೆದ ಅಕ್ಷರಗಳನ್ನು ಅವರು ನೋಡುತ್ತಾ ನಿಂತರು. ಒಂದೊಂದರ ಹೊಟ್ಟೆ, ಬಾಲ, ತಲೆಕಟ್ಟು ಅವರಿಗೆ ಗೊತ್ತಿತ್ತು. ಹಣೆಯ ಬೆವರು ಹುಬ್ಬಿಗೆ ಇಳಿಯಿತು.

"ಓದಿ, ಓದಿ. ಸಂಕೋಚ ಬೇಡ," ಎಂದರು ಸಾಹೇಬರು.

ಐದನೇ ಕ್ಲಾಸಿನ ಸಾಲಿನಿಂದ ಚೂಟಿ ಓಡಿಬಂದಳು. "ಸಾರ್, ನಮ್ಮಪ್ಪಂಗೆ ಗಂಟಲು ನೋವು ಸಾರ್. ಮಾತಾಡಬಾರದು ಅಂತ ಡಾಕ್ಟ್ರು ಹೇಳಿದಾರೆ. ನಾನು ಓದ್ಲಾ?"

ಒಂದು ಉಗುಳು ನುಂಗದೆ, ಕಣ್ಣು ಮಿಟುಕಿಸದೆ ಹೇಳಿದಳು. ನನ್ನ ಸೋದರ ಸೊಸೆ ಅಂದರೆ ಸುಮ್ಮನೆಯೇ ಎಂದು ನಾನು ಉಸಿರು ಬಿಟ್ಟೆ. ಆದರೆ ಭಾವ ಅವಳ ಮುಖ ನೋಡಿದರು, ಎಷ್ಟೋ ಹೊತ್ತು ನೋಡಿದರು. ಯಾರಿಗೆ ಗೊತ್ತಾಗಬಾರದು ಎಂದು ಜೀವ ಹಿಡಿದುಕೊಂಡಿದ್ದರೋ ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿ, ಅವರಿಗಾಗಿ ಊರಿನ ಎದುರು ಸುಳ್ಳು ಹೇಳುತ್ತಿದ್ದಳು.

ಭಾವ ಊಟದ ಡಬ್ಬಿಯನ್ನು ಮಗಳ ಕೈಗೆ ಕೊಟ್ಟರು. "ಗಂಟಲು ಚೆನ್ನಾಗಿದೆ ಸಾರ್," ಎಂದರು. "ನಂಗೆ ಓದೋಕೆ ಬರಲ್ಲ. ನೋಡಿ ಬರೀತೀನಿ ಅಷ್ಟೇ. ಮೆಟ್ಟಿಲು ತಲೆಕೆಳಗಾಗಿರೋದು ಅದಕ್ಕೇ. ತಪ್ಪು ನಂದು."

ಆಗ ಒಂದನೇ ಕ್ಲಾಸಿನ ಸಾಲಿನಿಂದ ಅಜ್ಜಿಯ ಮೊಮ್ಮಗ, "ಮಾಮ, ನಂಗೂ ಬರಲ್ಲ! ನೀವೂ ಒಂದನೇ ಕ್ಲಾಸಾ?" ಎಂದು ಕೇಳಿದ.

ಮೊದಲು ನಕ್ಕವರು ಭಾವ. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕರು. "ಹೂಂ ಕಣಪ್ಪ. ಒಂದನೇ ಕ್ಲಾಸು, ಎರಡನೇ ವಾರ."

ಒಬ್ಬರು ಬಾಯಿಬಿಟ್ಟರೆ ಉಳಿದವರಿಗೂ ತಡೆಯುವುದು ಕಷ್ಟ. "ಹೊಸ ಪದ್ಧತಿ ಅಂತ ಸುಳ್ಳು ಹೇಳಿದ್ದು ನಾನು," ಎಂದೆ. "ನಂಗೂ ಏನೂ ಗೊತ್ತಿರಲಿಲ್ಲ," ಎಂದರು ಇನ್‌ಚಾರ್ಜ್ ಮೇಷ್ಟ್ರು ಕೊಡೆಗೆ. ಸಾಹೇಬರು ಕೆಮ್ಮಿದರು, ಕರವಸ್ತ್ರ ತೆಗೆದರು, ಮಡಚಿದರು. "ಆ ಮೀಟಿಂಗಲ್ಲಿ ನಾನು... ಸ್ವಲ್ಪ ತೂಕಡಿಸಿದ್ದೆ," ಎಂದರು. ಮೂರನೇ ಕ್ಲಾಸಿನ ಟೀಚರು ಎಲ್ಲರ ಮುಖ ನೋಡಿ, "ಯಾಕೆ, ಏನಾಯ್ತು? ನಮ್ಮ ಕ್ಲಾಸಲ್ಲಿ ಎಲ್ಲಾ ಸರಿಯಾಗಿದೆಯಲ್ಲ?" ಎಂದು ಕೇಳಿದರು.

ಸಂಜೆ ಅಕ್ಕನ ಮನೆಯಲ್ಲಿ ಭಾವ ಸ್ಟೂಲು ಹಾಕಿ ಹತ್ತಿ, ಗೋಡೆಯ ಮೇಲಿದ್ದ ಪ್ರಬಂಧದ ಫ್ರೇಮಿಗೆ ಕೈ ಹಾಕಿದರು.

"ಯಾಕಪ್ಪ ತೆಗೀತಿದ್ದೀಯ?"

"ಅದರಲ್ಲಿ ಬರೆದಿರೋದು ಸುಳ್ಳಲ್ವಾ ಮಗಳೇ. ನಿಂಗೆ ಯಾವಾಗ ಗೊತ್ತಾಯ್ತು?"

"ಯಾವತ್ತೋ ಅನುಮಾನ ಇತ್ತು. ಪೇಪರ್ ಓದೋವಾಗ ಎಲ್ಲರ ಕಣ್ಣೂ ಆಕಡೆ ಈಕಡೆ ಹೋಗುತ್ತೆ, ನಿಂದು ಒಂದೇ ಕಡೆ ನಿಂತಿರುತ್ತೆ. ಆಮೇಲೆ ಸೋಮವಾರ ನೀವು ಮೂವರೂ ಸೇರಿ ಕನ್ನಡಕ ರಿಪೇರಿಗೆ ಕೊಟ್ರಲ್ಲ. ನಿಂಗೆ ಕನ್ನಡಕಾನೇ ಇಲ್ವಲ್ಲಪ್ಪ!"

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಸೂರು ನೋಡಿದೆ.

"ಅಲ್ಲೇ ಇರ್ಲಿ ಅದು, ತೆಗೀಬೇಡ," ಎಂದಳು ಚೂಟಿ. "ಬಹುಮಾನ ಬಂದಿರೋ ಪ್ರಬಂಧ. ತಪ್ಪಿದ್ರೆ ಸರಿ ಮಾಡೋಣ. ಒಂದು ತಿಂಗಳು ಟೈಂ ಕೊಡು ನಂಗೆ. ಇಳಿದು ಬಾ, ಸ್ಲೇಟು ತಗೋ."

ಮೇಡಂ ತರಬೇತಿ ಮುಗಿಸಿ ಬಂದು ಎಲ್ಲ ಕೇಳಿದರು. ನನಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಭಾವನಿಗೆ ಮಾತ್ರ ಒಂದೇ ಮಾತು ಹೇಳಿ ಕಳಿಸಿದರು. "ಮೆಟ್ಟಿಲಿಗೆ ಸುಣ್ಣ ಬಳಿದುಬಿಡಿ. ನೀವೇ ಓದ್ಕೊಂಡು ಬರೆಯೋ ಹಾಗಾದಾಗ ಬನ್ನಿ. ನನಗೇನೂ ಅವಸರವಿಲ್ಲ." ಹಾಗೆ ಮೆಟ್ಟಿಲುಗಳು ಒಂದು ತಿಂಗಳು ಬೋಳಾಗಿದ್ದವು. ಯಾವ ಕ್ಲಾಸಲ್ಲಿ ಏನು ಕಲಿಸುತ್ತೀರಿ ಎಂದು ತಾಯಿತಂದೆಯರು ಕೇಳಿದರೆ, "ನಮ್ಮ ಭಾವ ಈಗ ಕಾಗುಣಿತದಲ್ಲಿದ್ದಾರೆ, ಮುಗೀಲಿ," ಎಂದು ನಾನು ಹೇಳುತ್ತಿದ್ದೆ.

ಆ ತಿಂಗಳು ಅಕ್ಕನ ಮನೆಯಲ್ಲಿ ದಿನಾ ಸಂಜೆ ಜಗಳ. ಚೂಟಿ ಅಕ್ಷರ ಬರೆದು, "ಇದೇನು?" ಎಂದು ಕೇಳಿದರೆ ಭಾವ, "ಇದೇನೋ ಗೊತ್ತಿಲ್ಲ, ಆದ್ರೆ ನೀನು ಬರೆದಿರೋದು ಸರಿಯಿಲ್ಲ. ಹೊಟ್ಟೆ ಒಳಗೆ ಹೋಗಿದೆ, ಬಾಲ ಇನ್ನೊಂಚೂರು ಎಳಿ," ಎನ್ನುತ್ತಿದ್ದರು. "ಅಪ್ಪ, ಟೀಚರ್ ನಾನು!" ಎಂದು ಅವಳು ಕೂಗುತ್ತಿದ್ದಳು. ಮೂವತ್ತು ವರ್ಷ ಕೈಯಲ್ಲಿ ಆಡಿದ ಅಕ್ಷರಗಳು, ದನಿಯೊಂದು ಸೇರಬೇಕಿತ್ತು ಅಷ್ಟೇ. ಸೇರತೊಡಗಿದ ಮೇಲೆ ತಡವಾಗಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಭಾವ ಡಬ್ಬಿ ಹಿಡಿದು ಬಂದರು, ಜತೆಗೆ ಚೂಟಿ. ಒಂದೊಂದು ಸಾಲನ್ನೂ ಮೊದಲು ಓದಬೇಕು, ಆಮೇಲೆ ಬರೆಯಬೇಕು, ಒಂದನೇ ಕ್ಲಾಸು ಪಾಸಾಗದೆ ಎರಡನೆಯದಕ್ಕೆ ಕಾಲಿಡುವ ಹಾಗಿಲ್ಲ ಎಂಬುದು ಅವಳ ಕಟ್ಟಪ್ಪಣೆ. ಭಾವ ಕೆಳಗಿನ ಮೆಟ್ಟಿಲ ಎದುರು ಕುಕ್ಕರಗಾಲಲ್ಲಿ ಕೂತು, ಕಾಗದದ ಮೇಲೆ ಬೆರಳಿಟ್ಟು, "ಅಕ್ಷರ... ಮಾಲೆ," ಎಂದು ಓದಿದರು. ಬರೆದರು. ಒಂದು ಮೆಟ್ಟಿಲು ಹತ್ತಿ, ಎರಡನೆಯದನ್ನು ಓದಿ ಬರೆದು, ಬಿಟ್ಟುಬಂದ ಮೆಟ್ಟಿಲಿಗೆ ಕೆಂಪು ಬಳಿದರು. "ಎರಡನೇ ಕ್ಲಾಸು ಪಾಸ್," ಎಂದಳು ಚೂಟಿ ಅಂಗಳದಿಂದ. ಹಾಗೇ ಓದುತ್ತಾ, ಬರೆಯುತ್ತಾ, ಹತ್ತುತ್ತಾ, ಬಳಿಯುತ್ತಾ ಭಾವ ದಶಮಾಂಶ ದಾಟಿ ಪ್ರಬಂಧ ಮುಗಿಸಿ ಜಗಲಿಯ ಮೇಲೆ ನಿಂತು ಬೆನ್ನು ನೆಟ್ಟಗೆ ಮಾಡಿದರು.

ಆಗ ನಾವು ಮೂವರೂ ಮೆಟ್ಟಿಲು ನೋಡಿದೆವು. ಐದಕ್ಕೆ ಐದೂ ಹಸಿ. ಸುತ್ತ ಗ್ರಿಲ್ಲು. ಮೂವತ್ತು ವರ್ಷ ಮೇಲಿನಿಂದ ಕೆಳಗೆ ಬಳಿದ ಕಸುಬುದಾರ ಮೇಲೆ ಸಿಕ್ಕಿಹಾಕಿಕೊಂಡಿದ್ದರು.

"ಒಣಗೋದು ಎಷ್ಟು ಹೊತ್ತಾಗುತ್ತೆ ಭಾವ?"

"ಸಂಜೆಯಾಗುತ್ತೆ," ಎಂದರು. ಅವರಿಗೇನೂ ಬೇಸರವಿದ್ದಂತೆ ಕಾಣಲಿಲ್ಲ. ಅಕ್ಕ ಊಟ ತಂದು ಗ್ರಿಲ್ಲಿನ ಸಂದಿಯಿಂದ ಕೊಟ್ಟಳು. ಊಟಕ್ಕೆ ಮೊದಲು ಕೈಕಾಲು ತೊಳೆಯಲು ಭಾವ, ಯಾವತ್ತಿನ ಅಭ್ಯಾಸದಂತೆ, ಜಗಲಿಯ ತುದಿಗೆ ಹೋಗಿ ನಲ್ಲಿ ತಿರುಗಿಸಿದರು. ಬ್ರಷ್ಷನ್ನು ನೀರಿಗೆ ಹಿಡಿದು, ತಲೆ ಎತ್ತಿದರು.

ನೀರು ಸುರಿಯುತ್ತಲೇ ಇತ್ತು. ಅವರ ಕಣ್ಣು ಒಂದೇ ಕಡೆ ನಿಂತಿರಲಿಲ್ಲ. ಎಡದಿಂದ ಬಲಕ್ಕೆ ಹೋಗುತ್ತಿತ್ತು.

"ಕುಡಿ... ಯುವ... ನೀರು," ಎಂದರು. "ಇಲ್ಲಿ... ಕೈ... ಕಾಲು... ತೊಳೆ... ಯ... ಬಾರದು."

ನಲ್ಲಿ ನಿಲ್ಲಿಸಿದರು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಏನೋ, ಇದು ಎಷ್ಟು ವರ್ಷದಿಂದ ಇಲ್ಲಿದೆ?"

"ಏಳು ವರ್ಷ ಆಯ್ತು ಭಾವ."

"ಬರೆದೋರು?"

"ನೀವೇ."

"ಮತ್ತೆ ನೀನು ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲೋ!"

"ಅಕ್ಕನ ಗಂಡ ನೀವು, ನಾನೇನು ಹೇಳ್ಲಿ?"

ಚೂಟಿ ಅಂಗಳದಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ಭಾವ ಗ್ರಿಲ್ಲು ಹಿಡಿದು ಗೇಟಿನಾಚೆಗೆ, ಪೇಟೆ ಬೀದಿಯ ಕಡೆಗೆ ನೋಡುತ್ತಿದ್ದರು. ಅಲ್ಲಿ ಅಂಗಡಿಗಳ ಹಣೆಯ ಮೇಲೆ ಬಿಸಿಲಿಗೆ ಹೊಳೆಯುತ್ತಿದ್ದುದು ಅವರ ಮೂವತ್ತು ವರ್ಷ.

"ಚೂಟಿ," ಎಂದರು. "ಇನ್ನೂ ಏನೇನು ಬರೆದಿದ್ದೀನೋ ಏನೋ. ಬಣ್ಣ ಒಣಗ್ಲಿ, ಎಲ್ಲಾ ಓದ್ಕೊಂಡು ಬರೋಣ."

ಸಂಜೆ ಅವರು ಐದು, ನಾಲ್ಕು, ಮೂರು, ಎರಡು, ಒಂದು ಎಂದು ಎಣಿಸುತ್ತಾ ಇಳಿದು, ಮಗಳ ಕೈ ಹಿಡಿದುಕೊಂಡು ಹೋದರು. ಬೀದಿಯಲ್ಲಿ ಅರವತ್ತಕ್ಕೆ ಕಡಿಮೆಯಿಲ್ಲದಷ್ಟು ಬೋರ್ಡುಗಳಿವೆ. ನಾನು ಗೇಟಿಗೆ ಬೀಗ ಹಾಕಿ ಮನೆಗೆ ಹೊರಟಾಗಲೂ ಅವರಿಬ್ಬರು ಮೊದಲನೇ ಅಂಗಡಿಯ ಎದುರೇ ನಿಂತಿದ್ದರು.